ನಷ್ಟ ಹೊರುವವರೇ ವಿಮೆಯನ್ನು ನಿರ್ಧರಿಸಲಿ

ಕರ್ನಾಟಕದ ಅಂಚೆಚೀಟಿ, ನಾಣ್ಯ ಮತ್ತು ಹಳೆ ನೋಟುಗಳ ಸಂಗ್ರಾಹಕ ಮಿತ್ರರಿಗೆ, ಸಂಗ್ರಾಹಕರ ಸಂಘಗಳ ಪದಾಧಿಕಾರಿಗಳಿಗೆ,



ನಮ್ಮ ಹವ್ಯಾಸ ಅಂಚೆಯನ್ನು ನಂಬಿಕೊಂಡೇ ಬೆಳೆದದ್ದು. ಬೀದರಿನವರ ಬಳಿ ಹೆಚ್ಚಾಗಿರುವ ಚೀಟಿ ಮಂಗಳೂರಿನವರ ಆಲ್ಬಮ್ಮಿನ ಖಾಲಿ ಜಾಗ ತುಂಬಬೇಕಾದರೆ ನಡುವೆ ಒಂದು ಲಕೋಟೆ ಓಡಾಡಲೇಬೇಕು. ಆ ಲಕೋಟೆಗೆ ವಿಮೆ ಮಾಡಿಸಬೇಕೇ ಬೇಡವೇ ಎಂಬುದು ನಮ್ಮಲ್ಲಿ ತೀರ್ಮಾನವಾಗುವುದು ಅಂಚೆ ಕಚೇರಿಯ ಕೌಂಟರಿನ ಮುಂದೆ, ಬೆನ್ನ ಹಿಂದೆ ಸಾಲು ನಿಂತಿರುವಾಗ, ಗುಮಾಸ್ತರು ಹೆಚ್ಚುವರಿ ಮೊತ್ತ ಹೇಳಿದ ಗಳಿಗೆಯಲ್ಲಿ. ‘ಬೇಡ ಬಿಡಿ, ಸ್ಪೀಡ್ ಪೋಸ್ಟ್ ಸಾಕು’ ಎಂದು ಹೇಳಿಬಿಡುತ್ತೇವೆ. ಹೀಗೆ ಹೇಳುವವರು ಕಳುಹಿಸುವವರು. ವಸ್ತು ದಾರಿಯಲ್ಲಿ ಕಳೆದರೆ ಕೈ ಖಾಲಿಯಾಗುವುದು ಮಾತ್ರ ಬಹಳ ಸಲ ಇನ್ನೊಬ್ಬರದು: ಮುಂಗಡ ಹಣ ಕಳುಹಿಸಿ ಕಾದಿರುವ ಖರೀದಿದಾರರದು, ವಿನಿಮಯಕ್ಕೆ ತಮ್ಮ ಚೀಟಿಗಳನ್ನು ಆಗಲೇ ಕಳುಹಿಸಿಯಾಗಿರುವ ಗೆಳೆಯರದು, ಪ್ರದರ್ಶನಕ್ಕೆಂದು ಸಂಘಕ್ಕೆ ತಮ್ಮ ವಸ್ತುವನ್ನು ಎರವಲು ಕೊಟ್ಟ ಹಿರಿಯರದು. ಉಳಿತಾಯ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಎಂಬ ಈ ರೂಢಿ ತಪ್ಪು ಎಂದು ಹೇಳುವುದಕ್ಕೇ ಈ ಪತ್ರ. ಎಲ್ಲ ಲಕೋಟೆಗೂ ವಿಮೆ ಮಾಡಿಸಿ ಎಂದು ನಾನು ಹೇಳುತ್ತಿಲ್ಲ; ಎಷ್ಟೋ ಲಕೋಟೆಗಳಿಗೆ ಅದು ದಂಡ. ನಷ್ಟ ಯಾರು ಹೊರಬೇಕೋ ಅವರನ್ನು ಕೇಳದೆ ವಿಮೆ ಬೇಡವೆನ್ನುವ ಹಕ್ಕು ಕಳುಹಿಸುವವರಿಗಿಲ್ಲ ಎನ್ನುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ‘ಸರ್ಕಾರದ ಅಂಚೆ, ಕಳೆದರೆ ಅವರೇ ಕೊಡಬೇಕು’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಒಂದೂಕಾಲು ಶತಮಾನ ದೇಶದ ಅಂಚೆಯನ್ನು ನಡೆಸಿದ 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಕಲಂ ಇದಕ್ಕೆ ತದ್ವಿರುದ್ಧವಾಗಿತ್ತು. ವಸ್ತು ಕಳೆದರೂ, ತಪ್ಪು ಮನೆಗೆ ಹೋದರೂ, ತಡವಾದರೂ, ಹಾಳಾದರೂ ಸರ್ಕಾರ ತಾನಾಗಿ ಒಪ್ಪಿಕೊಂಡಷ್ಟು ಹೊಣೆಯನ್ನು ಬಿಟ್ಟು ಬೇರೇನನ್ನೂ ಹೊರುತ್ತಿರಲಿಲ್ಲ. ಗ್ರಾಹಕರ ಆಯೋಗಗಳ ಮೆಟ್ಟಿಲೇರಿದವರಿಗೆ ಈ ಕಲಂ ಮತ್ತೆ ಮತ್ತೆ ಅಡ್ಡ ಬಂದಿದೆ. ಆ ಕಾಯ್ದೆಯ ಜಾಗಕ್ಕೆ 2023ರ ಅಂಚೆ ಕಚೇರಿ ಕಾಯ್ದೆ ಬಂದು 2024ರ ಜೂನ್ 18ರಿಂದ ಜಾರಿಯಾಯಿತು. ಹೊಣೆಯ ವಿಷಯದಲ್ಲಿ ಇದರ ತಿರುಳೂ ಅದೇ. ಯಾವ ಸೇವೆಗೆ ಎಷ್ಟು ಹೊಣೆ ಎಂದು ನಿಯಮದಲ್ಲಿ ಗೊತ್ತುಮಾಡಿದೆಯೋ ಅಷ್ಟು ಮಾತ್ರ. ಸ್ಪೀಡ್ ಪೋಸ್ಟ್ ಕಳೆದರೆ ನಾವು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಎಂಬ ಪರಿಹಾರದ ಸೂತ್ರ ವರ್ಷಗಳಿಂದ ನಡೆದುಬಂದಿದೆ. 60 ರೂಪಾಯಿ ಕಟ್ಟಿ ಕಳುಹಿಸಿದ ಲಕೋಟೆ ಕಳೆದರೆ 120 ರೂಪಾಯಿ. ಒಳಗೆ ಇದ್ದದ್ದು ಐವತ್ತು ರೂಪಾಯಿಯ ಫಸ್ಟ್ ಡೇ ಕವರೋ ಐವತ್ತು ಸಾವಿರದ ಹಳೆ ಬ್ಲಾಕೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಹಿರಿಯರು ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ನೋಂದಣಿ ಈಗ ಅದರ ಮೇಲೆ ಕೊಳ್ಳುವ ಒಂದು ಸೌಲಭ್ಯ. ವಿಳಾಸದಾರರ ಕೈಗೇ ತಲುಪಿಸಿ ಸಹಿ ಪಡೆಯಲು ಅದು ಉಪಯುಕ್ತ, ನಿಜ. ಬೆಲೆಗೆ ಅದು ಖಾತ್ರಿಯಲ್ಲ. ಬೆಲೆಗೆ ಖಾತ್ರಿ ಬೇಕೆಂದರೆ ಬೆಲೆಯನ್ನು ಹೇಳಿ, ಶುಲ್ಕ ಕಟ್ಟಿ ವಿಮೆ ಮಾಡಿಸುವುದೊಂದೇ ದಾರಿ.

ಖಾಸಗಿ ಕೊರಿಯರ್ ವಾಸಿ ಎನ್ನುವವರು ಅವರು ಕೊಡುವ ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಈ ವಿಷಯದಲ್ಲಿ ಇಂದಿಗೂ ದಾರಿ ತೋರುವಂಥದ್ದು. ಜರ್ಮನಿಗೆ ಕಳುಹಿಸಿದ ದಾಖಲೆಗಳು ತಲುಪದೆ ಕಂಪನಿಗೆ ದೊಡ್ಡ ನಷ್ಟವಾಗಿತ್ತು. ಆದರೆ ರಸೀದಿಯಲ್ಲಿ ಹೊಣೆ 100 ಡಾಲರಿಗೆ ಸೀಮಿತ ಎಂದಿತ್ತು, ಅದಕ್ಕೆ ಕಳುಹಿಸಿದವರ ಸಹಿಯೂ ಇತ್ತು. ಸಹಿ ಹಾಕಿದ ಷರತ್ತಿಗೆ ಸಹಿ ಹಾಕಿದವರು ಬದ್ಧರು ಎಂದಿತು ನ್ಯಾಯಾಲಯ. ನಾಣ್ಯ, ನೋಟುಗಳನ್ನು ಒಯ್ಯುವುದೇ ಇಲ್ಲ ಎಂದು ಮೊದಲೇ ಬರೆದಿಟ್ಟಿರುವ ಕೊರಿಯರುಗಳೂ ಉಂಟು. ಹೇಳದೆ ಒಳಗಿಟ್ಟು ಕಳುಹಿಸಿದರೆ ಆಮೇಲೆ ಕೇಳುವ ಬಾಯಿಯೇ ಇರುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ವಿಮೆಗೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪ ಇರುವುದು ಇಲ್ಲೇ, ಅದನ್ನು ತೇಲಿಸಿ ಬಿಡಬಾರದು. ಅಂಚೆ ವಿಮೆಯಲ್ಲಿ ಬಹುಕಾಲ ನಡೆದುಬಂದ ದರ ಹೀಗಿದೆ: ಮೊದಲ 200 ರೂಪಾಯಿ ಬೆಲೆಗೆ 10 ರೂಪಾಯಿ, ಅದರ ಮೇಲಿನ ಪ್ರತಿ 100ಕ್ಕೆ ಅಥವಾ ಅದರ ಭಾಗಕ್ಕೆ 6 ರೂಪಾಯಿ. ಅಂದರೆ 10,000 ರೂಪಾಯಿಯ ವಸ್ತುವಿಗೆ 598 ರೂಪಾಯಿ, ಹೆಚ್ಚುಕಡಿಮೆ ಶೇಕಡಾ 6. ಹದಿನೇಳು ಲಕೋಟೆ ಕಳುಹಿಸಿದರೆ ಒಂದು ಕಳೆದೇ ಕಳೆಯುತ್ತದೆ ಎಂಬಷ್ಟು ಅಪಾಯವಿದ್ದರೆ ಮಾತ್ರ ಈ ದರಕ್ಕೂ ನಷ್ಟಕ್ಕೂ ಸರಿಹೋಗುತ್ತದೆ. ನಮ್ಮ ಅಂಚೆ ಅಷ್ಟು ಕೆಟ್ಟಿಲ್ಲ, ಅದರ ಹತ್ತಿರಕ್ಕೂ ಇಲ್ಲ. ಹಾಗಾದರೆ ವಿಮೆ ನಷ್ಟದ ಬಾಬತ್ತಲ್ಲವೇ? ಸರಾಸರಿಯಲ್ಲಿ ಹೌದು. ಆದರೆ ಸರಾಸರಿ ಯಾರನ್ನು ಕಾಯುತ್ತದೆ ಎಂದು ಕೇಳಿಕೊಳ್ಳಬೇಕು. ಒಬ್ಬ ವ್ಯಾಪಾರಿ ವರ್ಷಕ್ಕೆ 500 ರೂಪಾಯಿಯ 200 ಲಕೋಟೆ ಕಳುಹಿಸುತ್ತಾರೆ ಎಂದಿಟ್ಟುಕೊಳ್ಳಿ. ಒಂದೊಂದಕ್ಕೆ 28 ರೂಪಾಯಿಯಂತೆ ವಿಮೆಗೆ 5600 ಹೋಗುತ್ತದೆ. ವಿಮೆ ಮಾಡಿಸದೆ ಎರಡು ಲಕೋಟೆ ಕಳೆದರೂ ಹೋಗುವುದು 1000. ಇವರು ವಿಮೆ ಮಾಡಿಸಬಾರದು. ಆ ಹಣವನ್ನು ಬೇರೆ ತೆಗೆದಿಟ್ಟು, ಕಳೆದ ಲಕೋಟೆಯ ಹಣವನ್ನು ಗಿರಾಕಿಗೆ ತಾವೇ ಹಿಂದಿರುಗಿಸುವುದು ಮರ್ಯಾದೆ, ಲಾಭವೂ ಕೂಡ. ಈಗ ಅದೇ ಒಂದು ಲಕ್ಷ ರೂಪಾಯಿ ಒಂದೇ ಲಕೋಟೆಯಲ್ಲಿದೆ ಎನ್ನಿ. ವಿಮೆಗೆ 5998. ದರ ಹೆಚ್ಚುಕಡಿಮೆ ಅದೇ, ಅಂಚೆ ಅದೇ, ಕಳೆಯುವ ಸಂಭವವೂ ಅಷ್ಟೇ ಕಡಿಮೆ. ಆದರೆ ಇಲ್ಲಿ ಒಂದು ಕಳೆದರೆ ಎಲ್ಲವೂ ಕಳೆದಂತೆ. ಅದು ನಿವೃತ್ತ ಮೇಷ್ಟರೊಬ್ಬರ ಸಂಗ್ರಹದ ಅರ್ಧ ಬೆಲೆಯಾಗಿರಬಹುದು. ಇನ್ನೂರು ಲಕೋಟೆಗಳ ಸರಾಸರಿ ಒಂದೇ ಲಕೋಟೆ ಕಳುಹಿಸುವವರ ನೆರವಿಗೆ ಬರುವುದಿಲ್ಲ. ಆದ್ದರಿಂದ ಇಲ್ಲಿ ವಸ್ತುವಿನ ಬೆಲೆಯನ್ನಾಗಲಿ ಕಳೆಯುವ ಸಂಭವವನ್ನಾಗಲಿ ಮಾತ್ರ ನೋಡಿದರೆ ಸಾಲದು. ಈ ನಷ್ಟ ಬಂದರೆ ಹೊರುವವರ ಜೀವನ, ಸಂಗ್ರಹ, ಸ್ನೇಹ ಅಲುಗಾಡುತ್ತದೆಯೇ? ಅಲುಗಾಡುವುದಾದರೆ ಶೇಕಡಾ 6 ಕೊಟ್ಟಾದರೂ ವಿಮೆ ಮಾಡಿಸಬೇಕು. ಇಲ್ಲವಾದರೆ ಬೇಡ. 5000 ರೂಪಾಯಿ ಒಬ್ಬರಿಗೆ ಸಂಜೆಯ ಖರ್ಚು, ಇನ್ನೊಬ್ಬರಿಗೆ ಮೂರು ತಿಂಗಳ ಉಳಿಕೆ. ‘ಇಷ್ಟು ಬೆಲೆಯ ಮೇಲೆ ವಿಮೆ ಕಡ್ಡಾಯ’ ಎಂಬ ಒಂದೇ ಅಂಕಿಯನ್ನು ಎಲ್ಲರಿಗೂ ಹೇಳಲು ನಾನು ಒಪ್ಪದಿರುವುದು ಇದಕ್ಕೇ. ದೊಡ್ಡ ಸಂಗ್ರಹವನ್ನು ಕಳುಹಿಸುವಾಗ ಬೇರೆ ಬೇರೆ ದಿನ ಎರಡು ಮೂರು ಲಕೋಟೆಗಳಾಗಿ ಹಂಚುವುದೂ ಒಂದು ಬಗೆಯ ವಿಮೆಯೇ, ಅದಕ್ಕೆ ವಿಮೆಯ ಶುಲ್ಕವಿಲ್ಲ. ಆದರೆ ಒಂದು ಬ್ಲಾಕನ್ನೋ ಮಿನಿಯೇಚರ್ ಶೀಟನ್ನೋ ಹಂಚಲಾಗದು.

ಈ ಅಪಾಯ ಯಾರದು ಎಂಬ ಪ್ರಶ್ನೆಗೆ ನಮ್ಮ ಕಾಯ್ದೆಯಲ್ಲಿ ಉತ್ತರವಿದೆ, ಸಂಗ್ರಾಹಕರಲ್ಲಿ ಅದನ್ನು ಬಲ್ಲವರು ಕಡಿಮೆ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನ ಪ್ರಕಾರ, ಮಾರಿದವರು ವಸ್ತುವನ್ನು ಸಾಗಣೆದಾರರಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಅದು ಕೊಂಡವರಿಗೇ ಒಪ್ಪಿಸಿದಂತೆ. ‘ನಾನು ಅಂಚೆಗೆ ಹಾಕಿದೆ, ಇಗೋ ರಸೀದಿ, ಮುಂದಿನದು ನಿಮ್ಮ ಹಣೆಬರಹ’ ಎಂದು ಮಾರಾಟಗಾರರು ಹೇಳುವುದಕ್ಕೆ ಬೆಂಬಲ ಸಿಗುವುದು ಇಲ್ಲಿಂದ. ಆದರೆ ಅದೇ ಕಲಂ ಅಲ್ಲಿಗೇ ನಿಲ್ಲುವುದಿಲ್ಲ. ವಸ್ತುವಿನ ಸ್ವರೂಪಕ್ಕೂ ಸಂದರ್ಭಕ್ಕೂ ತಕ್ಕಂತೆ ಸಾಗಣೆಯ ಒಪ್ಪಂದ ಮಾಡುವುದು ಮಾರಿದವರ ಕರ್ತವ್ಯ ಎನ್ನುತ್ತದೆ. ಹಾಗೆ ಮಾಡದೆ ವಸ್ತು ದಾರಿಯಲ್ಲಿ ಕಳೆದರೆ ಅದು ತಮಗೆ ತಲುಪಿದಂತೆ ಎಂದು ಒಪ್ಪದಿರುವ, ಇಲ್ಲವೇ ನಷ್ಟಭರ್ತಿ ಕೇಳುವ ಅವಕಾಶವನ್ನು ಕೊಂಡವರಿಗೆ ಕೊಡುತ್ತದೆ. 40,000 ರೂಪಾಯಿ ಪಡೆದು, ಮಾತೂ ಆಡದೆ, 120 ರೂಪಾಯಿ ಪರಿಹಾರದ ಲಕೋಟೆಯಲ್ಲಿ ಹಾಕಿ ಕಳುಹಿಸುವುದು ವಸ್ತುವಿನ ಸ್ವರೂಪಕ್ಕೆ ತಕ್ಕ ಒಪ್ಪಂದ ಎಂದು ಯಾರು ತಾನೆ ಹೇಳಿಯಾರು? ನೋಡಿ ಇಷ್ಟವಾದರೆ ಇಟ್ಟುಕೊಳ್ಳಿ ಎಂದು ಒಪ್ಪಿಗೆಯ ಮೇಲೆ ಕಳುಹಿಸುವ ನಮ್ಮ ಹಳೆಯ ಪದ್ಧತಿಯಲ್ಲಂತೂ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಪಡೆದವರು ಒಪ್ಪುವ ತನಕ ವಸ್ತು ಕಳುಹಿಸಿದವರದೇ, ಆದ್ದರಿಂದ ವಾಪಸು ಬರುವ ಲಕೋಟೆಯ ಚಿಂತೆಯೂ ಅವರದೇ. ಅಲ್ಲಿ ವಿಮೆ ಮಾಡಿಸದೆ ಹಿಂದಕ್ಕೆ ಕಳುಹಿಸುವ ಗಿರಾಕಿ ಬೇರೆಯವರ ಸೊತ್ತನ್ನು ಪಣಕ್ಕಿಟ್ಟಂತೆ. ಇದೆಲ್ಲ ನ್ಯಾಯಾಲಯದವರೆಗೆ ಹೋಗಬೇಕಾದ ವಿಷಯವಲ್ಲ. ವ್ಯವಹಾರ ಕುದುರುವಾಗಲೇ ಒಂದು ಮಾತು ಕೇಳಿದರೆ ಮುಗಿಯಿತು: ವಿಮೆಗೆ ಇಷ್ಟಾಗುತ್ತದೆ, ಮಾಡಿಸಲೇ? ಬೇಡವೆಂದರೆ ಅಪಾಯ ನಿಮ್ಮದು, ಒಪ್ಪಿಗೆಯೇ? ಕೊಳ್ಳುವವರು ಬೇಡವೆಂದು ಬರೆದು ತಿಳಿಸಿದರೆ ಕಳುಹಿಸುವವರ ಮೇಲೆ ಯಾವ ಋಣವೂ ಉಳಿಯುವುದಿಲ್ಲ.

ಅಂಚೆ ನಂಬಿಕಸ್ಥ, ಇಷ್ಟೆಲ್ಲ ಅನುಮಾನ ಏಕೆ ಎನ್ನುವವರು ಹೋಪ್ ವಜ್ರದ ಉದಾಹರಣೆ ಕೊಡುವುದುಂಟು. ಅದು ಒಳ್ಳೆಯ ಉದಾಹರಣೆ, ಪೂರ್ತಿ ಹೇಳಿದರೆ. ನಮ್ಮ ಗೋಲ್ಕೊಂಡ ಸೀಮೆಯ ಮಣ್ಣಿನಿಂದ ಹೋದದ್ದೆಂದು ನಂಬಲಾದ ಆ ನೀಲಿ ವಜ್ರವನ್ನು ನ್ಯೂಯಾರ್ಕಿನ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ 1958ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ದಾನವಾಗಿ ಕಳುಹಿಸಿದ್ದು ಕಂದು ಕಾಗದ ಸುತ್ತಿದ ಪೊಟ್ಟಣದಲ್ಲಿ, ರಿಜಿಸ್ಟರ್ಡ್ ಅಂಚೆಯಲ್ಲೇ. ಕ್ಷೇಮವಾಗಿ ತಲುಪಿತು. ಒಟ್ಟು ಖರ್ಚಾದದ್ದು 145.29 ಡಾಲರ್. ಅದರಲ್ಲಿ ಅಂಚೆವೆಚ್ಚ 2.44 ಮಾತ್ರ, ಉಳಿದ 142.85 ಡಾಲರ್ ಸುಮಾರು 10 ಲಕ್ಷ ಡಾಲರಿನ ಭದ್ರತೆಗೆ ಕಟ್ಟಿದ್ದು. ಅಂಚೆಯನ್ನು ಯಾರಿಗಿಂತಲೂ ಹೆಚ್ಚು ನಂಬಿದ ಮನುಷ್ಯ ತಾನು ಕೊಟ್ಟ ಹಣದ ಬಹುಪಾಲನ್ನು ವಿಮೆಗೇ ಕೊಟ್ಟ. ನಂಬಿಕೆಯೂ ವಿಮೆಯೂ ಒಂದಕ್ಕೊಂದು ವೈರಿಗಳಲ್ಲ. ಈ ಅಂಕಿಗಳು ಇನ್ನೊಂದು ಸಂಗತಿಯನ್ನೂ ತೋರಿಸುತ್ತವೆ, ನನಗೆ ಹೆಚ್ಚು ಕಾಡುವುದು ಅದೇ. ಆತ ಕಟ್ಟಿದ ದರ ಬೆಲೆಯ ಶೇಕಡಾ ಒಂದರ ಎಪ್ಪತ್ತರಲ್ಲೊಂದು ಪಾಲು. ನಾವು ಮೇಲೆ ಲೆಕ್ಕ ಹಾಕಿದ ಶೇಕಡಾ 6 ಅದರ ನಾನೂರು ಪಟ್ಟಿಗಿಂತಲೂ ಹೆಚ್ಚು. ದೇಶ ಬೇರೆ, ಕಾಲ ಬೇರೆ, ಒಪ್ಪುತ್ತೇನೆ. ಆದರೂ ನಮ್ಮ ಸಂಗ್ರಾಹಕರು ವಿಮೆಯಿಂದ ದೂರ ಉಳಿದಿರುವುದಕ್ಕೆ ಬರಿಯ ಉದಾಸೀನ ಕಾರಣವಲ್ಲ, ದರವೂ ಕಾರಣ.

ವಿಮೆಯ ಚೀಟಿ ಅಂಟಿಸಿದರೆ ಒಳಗೆ ಬೆಲೆಬಾಳುವ ವಸ್ತು ಇದೆ ಎಂದು ಕಳ್ಳನಿಗೆ ಸಾರಿದಂತೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೆ ವಿಮೆ ಮಾಡಿಸಿದ ವಸ್ತು ಕೈಯಿಂದ ಕೈಗೆ ಲೆಕ್ಕಕ್ಕೆ ಬಂದು ಹೋಗುತ್ತದೆ, ಕಳೆದರೆ ಯಾರ ಕೈಯಲ್ಲಿ ಕಳೆಯಿತು ಎಂದು ಹುಡುಕಬಹುದು. ರಾಶಿಯಲ್ಲಿ ಹೋಗುವ ಸಾಧಾರಣ ಲಕೋಟೆಗೆ ಆ ರಕ್ಷೆ ಇಲ್ಲ. ನಿಜವಾಗಿ ಕಳ್ಳನನ್ನು ಕರೆಯುವುದು ಲಕೋಟೆಯ ಮೇಲೆ ನಾವೇ ಬರೆಯುವ ‘ನ್ಯೂಮಿಸ್ಮ್ಯಾಟಿಕ್’, ‘ಕಾಯಿನ್ಸ್’ ಎಂಬ ಮುದ್ರೆಗಳು, ಅಂಗಡಿಯ ಹೆಸರಿನ ರಬ್ಬರ್ ಸ್ಟಾಂಪುಗಳು, ಕೈಯಿಂದ ಹಿಸುಕಿದರೆ ಒಳಗಿನ ಬಿಲ್ಲೆಯ ಗುಂಡಗಿನ ಆಕಾರ ಗೊತ್ತಾಗುವಂಥ ಪ್ಯಾಕಿಂಗು.

‘ವಿಮೆ ಮಾಡಿಸಿದರೂ ಹಣ ಬರುವುದಿಲ್ಲ’ ಎಂಬ ಕಹಿ ಮಾತಿಗೆ ಉತ್ತರ ಕೊಡುವಾಗ ನಮ್ಮ ಪಾಲಿನ ಕೆಲಸವನ್ನೂ ನೋಡಬೇಕು. ವಿಮೆಯ ಮೊತ್ತ ಪರಿಹಾರದ ಮೇಲ್ಮಿತಿ ಅಷ್ಟೇ. ನಿಜವಾಗಿ ಆದ ನಷ್ಟಕ್ಕಿಂತ ಹೆಚ್ಚು ಕೊಡುವುದು ವಿಮೆಯ ತತ್ವವೇ ಅಲ್ಲ. 2000ದ ಚೀಟಿಗೆ 20,000 ಬರೆಸಿದರೆ ಶುಲ್ಕ ದಂಡವಾಗುತ್ತದೆ, ಮೇಲಿಂದ ಪ್ರಾಮಾಣಿಕತೆಯ ಪ್ರಶ್ನೆಯೂ ಏಳುತ್ತದೆ. ಬೆಲೆಗೆ ಆಧಾರ ಏನು ಎಂದು ಕೇಳಿದರೆ ನಮ್ಮಲ್ಲಿ ಬಹಳ ಜನ ಸ್ಟಾನ್ಲಿ ಗಿಬ್ಬನ್ಸ್ ಕ್ಯಾಟಲಾಗ್ ತೋರಿಸುತ್ತಾರೆ. ಅದು ಒಳ್ಳೆಯ ಸ್ಥಿತಿಯಲ್ಲಿರುವ ಪ್ರತಿಯನ್ನು ವ್ಯಾಪಾರಿ ಮಾರುವ ಬೆಲೆ. ಮೂಲೆ ಮುದುಡಿದ, ತೂತುಗಳು ಹರಿದ ನಮ್ಮ ಪ್ರತಿಗೆ ಅದು ಆಧಾರವಾಗಲಾರದು. ಕೊಂಡ ರಸೀದಿ, ಇತ್ತೀಚಿನ ಹರಾಜಿನಲ್ಲಿ ಅದೇ ಸ್ಥಿತಿಯ ಪ್ರತಿಗೆ ಬಂದ ಬೆಲೆ, ತಜ್ಞರ ಪ್ರಮಾಣಪತ್ರ ಇವೇ ಗಟ್ಟಿ. ಪ್ರಮಾಣಪತ್ರದ ಮೂಲಪ್ರತಿಯನ್ನು ಅದೇ ಲಕೋಟೆಯಲ್ಲಿ ಹಾಕಿಬಿಡುವುದು ದೊಡ್ಡ ತಪ್ಪು: ವಸ್ತುವಿನ ಜತೆ ಸಾಕ್ಷಿಯೂ ಹೋಗುತ್ತದೆ. ಚೀಟಿಯ ಮುಂದು ಹಿಂದು ಎರಡರ ಚಿತ್ರವೂ ಬೇಕು, ಏಕೆಂದರೆ ಗೋಂದಿನ ಸ್ಥಿತಿ, ಹಿಂಜ್ ಅಂಟಿಸಿದ ಕಲೆ ಕಾಣುವುದು ಹಿಂಬದಿಯಲ್ಲೇ. ನಮ್ಮ ನೆಲದ ಕಂಠೀರಾಯ ಹಣವನ್ನೇ ತೆಗೆದುಕೊಳ್ಳಿ. ತೀರ ಪುಟ್ಟ ಚಿನ್ನದ ನಾಣ್ಯ, ತೂಕ ಅರ್ಧ ಗ್ರಾಮಿಗೂ ಕಡಿಮೆ. ಪೊಟ್ಟಣದ ಮಡಿಕೆಯಿಂದ ಅದು ಜಾರಿಹೋದರೆ ಅಂಚೆಯ ತಕ್ಕಡಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಹೊರಟಾಗಲೂ ತಲುಪಿದಾಗಲೂ ತೂಕ ಒಂದೇ, ಏನೂ ಕಳೆದಿಲ್ಲ ಎಂದು ಅಂಚೆಯವರು ವಾದಿಸಬಹುದು. ಕವಚದೊಳಗಿಟ್ಟು, ಗಟ್ಟಿ ರಟ್ಟುಗಳ ನಡುವೆ ಅಲುಗದಂತೆ ಕೂರಿಸಿ, ರಟ್ಟಿನ ನಾಲ್ಕೂ ಅಂಚಿಗೆ ಟೇಪು ಹಾಕಿ, ಆ ಹಂತದ ಚಿತ್ರವನ್ನೂ ತೆಗೆದು, ಆಮೇಲೆ ಹೊರ ಲಕೋಟೆಗೆ ಹಾಕಿದರೆ ಆ ವಾದಕ್ಕೇ ಜಾಗವಿರುವುದಿಲ್ಲ. ಅರಗಿನ ಮುದ್ರೆ ಹಾಕುವವರು ಬಿಸಿ ಅರಗು ಒಳಗಿನ ಚೀಟಿಯ ಗೋಂದನ್ನು ಕರಗಿಸದಷ್ಟು ದಪ್ಪದ ಪದರವನ್ನು ನಡುವೆ ಇಡಬೇಕು. ಪಡೆಯುವವರ ಪಾಲೂ ಇದೆ. ಮುದ್ರೆ ಒಡೆದಿದೆಯೇ, ಅಂಚು ಕತ್ತರಿಸಿದೆಯೇ ಎಂದು ಸಹಿ ಹಾಕುವ ಮೊದಲೇ ನೋಡಿ, ಅನುಮಾನವಿದ್ದರೆ ಅಲ್ಲೇ ಬರೆಯಬೇಕು. ಸುಮ್ಮನೆ ಸಹಿ ಹಾಕಿ ಮನೆಯೊಳಗೆ ಒಯ್ದ ಮೇಲೆ ದೂರಿಗೆ ಕಾಲೇ ಇರುವುದಿಲ್ಲ. ಇಷ್ಟು ಶ್ರಮ ಪಡಲು ಮನಸ್ಸಿಲ್ಲದವರು ವಿಮೆಯ ಶುಲ್ಕ ಕಟ್ಟುವುದೂ ವ್ಯರ್ಥವೇ.

ಹಣ ಬಂದರೂ ವಸ್ತು ಬರುತ್ತದೆಯೇ ಎಂದು ಕೇಳುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಗಾಂಧೀಜಿಯವರ 1948ರ ಹತ್ತು ರೂಪಾಯಿ ಚೀಟಿಗೆ ‘ಸರ್ವಿಸ್’ ಎಂದು ಅಚ್ಚೊತ್ತಿದ ಪ್ರತಿಗಳು ಗವರ್ನರ್ ಜನರಲ್ ಕಚೇರಿಗೆಂದು ಮಾಡಿದ್ದು ನೂರು ಮಾತ್ರ. ಅಂಥದ್ದಕ್ಕೆ ಯಾವ ಮೊತ್ತವೂ ಪರಿಹಾರವಲ್ಲ. ಆದರೆ ಈ ವಾದದಿಂದ ಹೊರಡುವುದು ವಿಮೆ ಬೇಡ ಎಂಬ ತೀರ್ಮಾನವಲ್ಲ, ಅಂಚೆಯೇ ಬೇಡ ಎಂಬ ತೀರ್ಮಾನ. ಮತ್ತೆ ಸಿಗದ ವಸ್ತುವನ್ನು ಕೈಯಲ್ಲೇ ಒಯ್ಯಬೇಕು, ಇಲ್ಲವೇ ಕೊಳ್ಳುವವರು ಬಂದು ಒಯ್ಯಬೇಕು. ಇಲ್ಲಿ ಹೊರದೇಶಗಳಲ್ಲಿರುವ ಕನ್ನಡಿಗ ಸಂಗ್ರಾಹಕರಿಗೂ ಒಂದು ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಮೌಲ್ಯವುಳ್ಳ ಹಸ್ತಪ್ರತಿಗಳಿಗೆ ಆ ಮಿತಿ ಎಪ್ಪತ್ತೈದು ವರ್ಷ. ಟಿಪ್ಪುವಿನ ಕಾಲದ ಕಾಸನ್ನು ‘ಲೋಹದ ಆಟಿಕೆ’ ಎಂದು ಬರೆದು ಕಳುಹಿಸಿದರೆ ಅದು ಅಪರಾಧ, ಅದಕ್ಕೆ ಯಾವ ವಿಮೆಯೂ ನಿಲ್ಲುವುದಿಲ್ಲ. ಕಾನೂನು ಒಪ್ಪುವ ವಸ್ತುವಿನ ವಿಷಯದಲ್ಲೂ ಸುಂಕ ಉಳಿಸಲೆಂದು ಕಸ್ಟಮ್ಸ್ ಚೀಟಿಯಲ್ಲಿ ಕಡಿಮೆ ಬೆಲೆ ಬರೆದವರು ಕಳೆದ ಮೇಲೆ ಪೂರ್ತಿ ಬೆಲೆ ಕೇಳಲು ಯಾವ ಮುಖದಿಂದ ಹೋಗಬೇಕು?

ಸಂಘಗಳ ಪದಾಧಿಕಾರಿಗಳೇ, ದರದ ಪ್ರಶ್ನೆಯನ್ನು ಒಬ್ಬೊಬ್ಬರೇ ಬಗೆಹರಿಸಲಾಗದು, ನೀವು ಕೈಹಾಕಬೇಕು. ಮನೆಗೆ ವಿಮೆ ಇದೆಯಲ್ಲ ಎಂದು ನೆಮ್ಮದಿಯಾಗಿರುವ ಸದಸ್ಯರಿಗೆ ಪಾಲಿಸಿಯ ಹೊರಗಿಡುವ ಷರತ್ತನ್ನು ಓದಿ ಹೇಳಿ: ಸ್ಟಾಂಪು, ನಾಣ್ಯ, ಕಾಗದದ ಹಣ, ಹಸ್ತಪ್ರತಿಗಳನ್ನು ಪ್ರತ್ಯೇಕವಾಗಿ ನಮೂದಿಸದಿದ್ದರೆ ಮನೆಯೊಳಗೇ ರಕ್ಷಣೆ ಇರುವುದಿಲ್ಲ, ಅಂಚೆಯ ದಾರಿಯ ಮಾತು ಹಾಗಿರಲಿ. 1886ರಲ್ಲಿ ಹುಟ್ಟಿದ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿ ತನ್ನ ಸದಸ್ಯರಿಗೆಂದೇ ಸಂಗ್ರಹದ ವಿಮೆಯ ಏರ್ಪಾಡು ಮಾಡಿಕೊಟ್ಟಿದೆ. ನಮ್ಮ ಸಂಘಗಳು ಸೇರಿ ಸದಸ್ಯರ ಒಟ್ಟು ರವಾನೆಯ ಲೆಕ್ಕವನ್ನು ಒಂದು ವರ್ಷ ಬರೆದಿಟ್ಟರೆ, ಎಷ್ಟು ಕಳುಹಿಸಿದೆವು, ಎಷ್ಟು ಕಳೆಯಿತು ಎಂಬ ಅಂಕಿ ಕೈಗೆ ಬರುತ್ತದೆ. ಅದನ್ನು ಹಿಡಿದು ವಿಮಾ ಕಂಪನಿಗಳ ಬಳಿ ಸಾಗಣೆಯ ಸಾಮೂಹಿಕ ಪಾಲಿಸಿಗೆ, ಒಪ್ಪಿದ ಬೆಲೆಯ ಷರತ್ತಿಗೆ ಮಾತುಕತೆ ನಡೆಸಬಹುದು. ಅಂಚೆ ಇಲಾಖೆಯ ಮುಂದೆಯೂ ದರ ಇಳಿಸಿ ಎಂದು ಆಧಾರಸಹಿತ ಮನವಿ ಇಡಬಹುದು. ಅದು ಕೈಗೂಡುವ ತನಕ ಸಂಘದ ಹರಾಜಿನ ಪಟ್ಟಿಯಲ್ಲೂ ಮಾರಾಟದ ಚೀಟಿಯಲ್ಲೂ ಒಂದು ಸಾಲು ಸೇರಿಸಿ: ವಿಮೆ ಬೇಕೇ ಬೇಡವೇ, ಇಂಥ ಬೆಲೆಗೆ, ಶುಲ್ಕ ಯಾರದು, ಕೊಳ್ಳುವವರ ಸಹಿ. ಪ್ರದರ್ಶನಕ್ಕೆ ಸದಸ್ಯರಿಂದ ಎರವಲು ತರಿಸುವ ಪ್ರತಿಯೊಂದು ಚೌಕಟ್ಟಿಗೂ ಹೋಗುವಾಗ ಬರುವಾಗ ಎರಡೂ ಬಾರಿ ವಿಮೆಯ ಖರ್ಚನ್ನು ಸಂಘವೇ ಹೊರಲಿ. ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ಎರಡು ನಿರ್ಣಯಗಳನ್ನು ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮೊಬ್ಬ ಸಹಸಂಗ್ರಾಹಕ